ಕಾರಿನೊಳಗೆ ಸೈಕಲ್: ಮೊದಲು ಚೈನು ಒರೆಸಿ, ಆಮೇಲೆ ದುಪ್ಪಟಿ ಹಾಸಿ

ಪ್ರಶ್ನೆ: ನಾವಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ನನ್ನ ತವರು ಚಿತ್ರದುರ್ಗ. ಹದಿನೈದು ದಿನಕ್ಕೊಮ್ಮೆ ಶನಿವಾರ ಹೋಗಿ ಭಾನುವಾರ ಬರುತ್ತೇವೆ. ಹೋದ ವರ್ಷ ಡಿಸ್ಕ್ ಬ್ರೇಕಿನ ಗೇರ್ ಸೈಕಲ್ ತೆಗೆದುಕೊಂಡೆ. ದುರ್ಗದಲ್ಲಿ ಬೆಳಿಗ್ಗೆ ಚಂದ್ರವಳ್ಳಿ ಕಡೆ ಓಡಿಸಿ ಬರುವುದು ನನಗೆ ಬಹಳ ಇಷ್ಟ. ಸೈಕಲ್ಲನ್ನು ನಮ್ಮ ಸಣ್ಣ ಕಾರಿನ ಹಿಂದಿನ ಸೀಟು ಮಡಚಿ, ಪ್ಲಾಸ್ಟಿಕ್ ಹಾಳೆ ಹಾಸಿ, ಮುಂದಿನ ಚಕ್ರ ಬಿಚ್ಚಿ ಒಳಗೆ ಮಲಗಿಸುತ್ತೇನೆ. ಕಾರಿನ ಸೀಟೆಲ್ಲ ಕೆನೆ ಬಣ್ಣದ ಬಟ್ಟೆ. ಹೋದ ಸಲ ಮಳೆಯಲ್ಲಿ ಬಂದ ಮೇಲೆ ನೋಡಿದರೆ ಮುಂದಿನ ಸೀಟಿನ ಬೆನ್ನಿಗೆ ಚೈನಿನ ಕರಿ ಗೀರು, ಚಾವಣಿಯ ಬಟ್ಟೆಗೆ ಬೆರಳಗಲದ ಕಲೆ, ಡಿಕ್ಕಿಯ ಅಂಚಿಗೆ ಎರೆಮಣ್ಣು. ಯಜಮಾನರು ‘ಇನ್ನು ಸೈಕಲ್ ಕಾರೊಳಗೆ ಬೇಡ’ ಅಂದಿದ್ದಾರೆ. ಕಾರಿನ ಹಿಂದೆ ತೂಗುಹಾಕುವ ಸ್ಟ್ಯಾಂಡ್ ತರಿಸಲೇ? ಆಗಿರುವ ಕಲೆ ತೆಗೆಯುವುದು ಹೇಗೆ?

ಉತ್ತರ: ಮೇಡಂ, ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ. ಕಲೆ ಆಗಿರುವುದು ಹಾಳೆ ಹಾಸಿದ ಜಾಗದಲ್ಲಲ್ಲ. ಮುಂದಿನ ಸೀಟಿನ ಬೆನ್ನು, ಚಾವಣಿ, ಡಿಕ್ಕಿಯ ಅಂಚು, ಈ ಮೂರಕ್ಕೂ ನಿಮ್ಮ ಹಾಳೆ ತಲುಪಿರಲಿಲ್ಲ. ನೆಲಕ್ಕೆ ಏನೂ ಆಗಿಲ್ಲ ಎಂದರೆ ಹಾಳೆ ತನ್ನ ಕೆಲಸ ಮಾಡಿದೆ. ಪ್ಲಾಸ್ಟಿಕ್ ಜಾರುತ್ತದೆ. ಹೆದ್ದಾರಿಯಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಹಾಕಿದ್ದೀರಿ, ಸೈಕಲ್ ಒಂದು ಗೇಣು ಮುಂದೆ ಸರಿದು ಚೈನು ಸೀಟಿಗೆ ಒರೆಸಿದೆ. ಚಾವಣಿಯ ಕಲೆ ಸೈಕಲ್ ಒಳಗೆ ತೂರಿಸುವಾಗ ಹ್ಯಾಂಡಲ್ಲೋ ಪೆಡಲ್ಲೋ ತಗುಲಿ ಆಗಿದ್ದು. ಬೆರಳಗಲ ಅಂತೀರಿ, ಹಾಗಾದರೆ ಚೈನು ಮುಟ್ಟಿದ ನಿಮ್ಮ ಕೈಯೇ ಇರಬಹುದು. ಅಂಚಿನ ಮಣ್ಣಂತೂ ಟೈರಿನದೇ.

ನಾನು 25 ವರ್ಷದಿಂದ ಈ ಊರಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದೇನೆ. ಕಾರಿನೊಳಗೆ ಸೈಕಲ್ ಸಾಗಿಸುವವರು ಏನು ಹಾಸಲಿ, ಎಷ್ಟು ದಪ್ಪದ್ದು ಹಾಸಲಿ ಎಂದು ಕೇಳುತ್ತಾರೆ. ನಾನು ಅವರ ಚೈನು ಮುಟ್ಟಿ ನೋಡುತ್ತೇನೆ. ಚೈನು ಒಣಗಿ ಶುದ್ಧವಾಗಿದ್ದರೆ ಒಂದು ಹಳೇ ದುಪ್ಪಟಿ ಸಾಕು. ಅದು ಕರಿ ಅಂಟಾಗಿದ್ದರೆ ಮೂರು ಪದರ ಹಾಸಿದರೂ ಎಲ್ಲೋ ಒಂದು ಕಡೆ ತಗುಲಿಯೇ ತೀರುತ್ತದೆ. ಕೊಳೆಯನ್ನು ಕಾರಿನ ಹೊರಗೇ ಮುಗಿಸಬೇಕು. ಒಳಗಿನ ಹಾಸು ಅದಾದ ಮೇಲಿನ ಮಾತು.

ಚೈನಿನ ಆ ಕರಿ ಬರೀ ಎಣ್ಣೆಯಲ್ಲ. ಎಣ್ಣೆಗೆ ರಸ್ತೆಯ ಧೂಳು ಅಂಟುತ್ತದೆ, ಧೂಳು ಕೊಂಡಿಗಳ ನಡುವೆ ಸೇರಿ ಉಕ್ಕನ್ನು ತೇಯುತ್ತದೆ, ತೇದ ಉಕ್ಕಿನ ಪುಡಿ ಅದೇ ಎಣ್ಣೆಯಲ್ಲಿ ಕಲೆಸಿ ಕಾಡಿಗೆಯ ಹಾಗಾಗುತ್ತದೆ. ಕಣ ಅಷ್ಟು ಸಣ್ಣದಿರುವುದರಿಂದಲೇ ಬಟ್ಟೆಯ ಎಳೆಯೊಳಗೆ ಇಳಿದು ಕೂರುತ್ತದೆ. ಚೈನಿಗೆ ಗ್ರೀಸ್ ಬಳಿಯುವ ರೂಢಿ ನಮ್ಮ ಕಡೆ ಇನ್ನೂ ಇದೆ, ಕೆಲವರು ಬೈಕಿನ ಎಂಜಿನ್ ಆಯಿಲ್ ಹಾಕುತ್ತಾರೆ, ಕೆಲವರು ಕೊಬ್ಬರಿ ಎಣ್ಣೆ. ಮೂರೂ ಬೇಡ. ಗ್ರೀಸು ಮತ್ತು ಎಂಜಿನ್ ಆಯಿಲ್ಲಿಗೆ ಧೂಳು ಮುತ್ತಿಕೊಳ್ಳುತ್ತದೆ, ಕೊಬ್ಬರಿ ಎಣ್ಣೆ ಕೆಲವು ದಿನದಲ್ಲಿ ಜಿಗಟಾಗುತ್ತದೆ. ಇನ್ನೊಂದು ವಿಷಯ: ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಎಣ್ಣೆ ತೆಳ್ಳಗಾಗಿ ಹರಿಯುತ್ತದೆ. ಬೆಳಿಗ್ಗೆ ಸುಮ್ಮನಿದ್ದ ಚೈನು ಮಧ್ಯಾಹ್ನ ದುರ್ಗದ ಬಿಸಿಲಿಗೆ ತೊಟ್ಟಿಕ್ಕುವುದು ಇದರಿಂದಲೇ.

ಶನಿವಾರ ಹೊರಡುವುದಾದರೆ ಚೈನಿನ ಕೆಲಸ ಗುರುವಾರ ಸಂಜೆ ಇಟ್ಟುಕೊಳ್ಳಿ. ಸೀಮೆಎಣ್ಣೆ ಸಿಕ್ಕರೆ ಅದು, ಇಲ್ಲದಿದ್ದರೆ ಡೀಸೆಲ್, ಅರ್ಧ ಲೋಟ ಸಾಕು. ಎರಡು ದಿನ ಮೊದಲು ಎನ್ನುವುದು ವಾಸನೆ ಹೋಗಲಿ ಎಂದು. ಡೀಸೆಲ್ ವಾಸನೆ ಕಾರಿನ ಸೀಟಿಗೆ ಹಿಡಿದರೆ ವಾರಗಟ್ಟಲೆ ಇರುತ್ತದೆ. ಹಳೇ ಬನಿಯನ್ ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ, ಕೆಳಗಿನ ಸಾಲಿನ ಚೈನನ್ನು ಎಡಗೈಯಲ್ಲಿ ಬಟ್ಟೆ ಸಮೇತ ಹಿಡಿದು, ಬಲಗೈಯಲ್ಲಿ ಪೆಡಲ್ಲನ್ನು ಹಿಂದಕ್ಕೆ ತಿರುಗಿಸಿ. 30 ಸುತ್ತು. ಬಟ್ಟೆ ಮಗುಚಿ ಮತ್ತೆ 30 ಸುತ್ತು. ಡಿಸ್ಕಿನ ಹತ್ತಿರ ಈ ಬಟ್ಟೆ ಸುಳಿಯಲೇ ಬಾರದು. ಡಿಸ್ಕಿಗೆ ಎಣ್ಣೆಯ ಒಂದು ಪಸೆ ಅಂಟಿದರೂ ಬ್ರೇಕ್ ಹಿಡಿಯುವುದಿಲ್ಲ, ಕಿರುಚುತ್ತದೆ, ಕಡೆಗೆ ಪ್ಯಾಡನ್ನೇ ಬದಲಿಸಬೇಕಾಗುತ್ತದೆ. ಹಿಂದಿನ ಚಕ್ರದ ಡಿಸ್ಕಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಮುಚ್ಚಿಕೊಂಡೇ ಕೂತುಕೊಳ್ಳಿ.

ಎಲ್ಲರೂ ಬಿಟ್ಟುಬಿಡುವ ಜಾಗ ಒಂದಿದೆ. ಹಿಂದಿನ ಗೇರಿನ ಕೈಯಲ್ಲಿ ಎರಡು ಚಿಕ್ಕ ಹಲ್ಲಿನ ಗಾಲಿಗಳಿವೆ, ಚೈನು ಅವುಗಳ ನಡುವೆ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಹಾದುಹೋಗುತ್ತದೆ. ಆ ಗಾಲಿಗಳ ಎರಡೂ ಬದಿಗೆ ತೊಗಟೆಯ ಹಾಗೆ ಕರಿ ಕಟ್ಟಿರುತ್ತದೆ. ಚೈನು ಎಷ್ಟೇ ಒರೆಸಿದರೂ ಒಂದು ಸುತ್ತು ತಿರುಗಿದೊಡನೆ ಮತ್ತೆ ಕಪ್ಪಾಗುವುದು ಆ ತೊಗಟೆಯಿಂದ. ತೆಂಗಿನ ಕಸಬರಿಗೆಯ ಕಡ್ಡಿ ಒತ್ತಿಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿದರೆ ಅದು ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಹಾಗೇ ಮುಂದಿನ ಚೈನ್‌ವೀಲಿನ ಹಲ್ಲುಗಳ ಬುಡವನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ.

ಪೂರ್ತಿ ಒಣಗಿದ ಮೇಲೆ ಸೈಕಲ್ಲಿಗೆಂದೇ ಬರುವ ಚೈನ್ ಎಣ್ಣೆಯನ್ನು ಒಂದೊಂದು ಕೊಂಡಿಗೆ ಒಂದೊಂದು ತೊಟ್ಟು ಬಿಡಿ. ಗೇರ್ ಸೈಕಲ್ಲಿನ ಚೈನಿನಲ್ಲಿ ಸಾಮಾನ್ಯವಾಗಿ 110ರಿಂದ 116 ಕೊಂಡಿಗಳಿರುತ್ತವೆ, ಹತ್ತು ನಿಮಿಷದ ಕೆಲಸ. ರಾತ್ರಿಯೆಲ್ಲ ಹಾಗೇ ಬಿಡಿ, ಎಣ್ಣೆ ಕೊಂಡಿಯ ಒಳಗೆ ಇಳಿಯಲಿ. ಬೆಳಿಗ್ಗೆ ಒಣ ಬಟ್ಟೆಯಲ್ಲಿ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಎಣ್ಣೆ ಬೇಕಿರುವುದು ಕೊಂಡಿಯ ಒಳಗೆ. ಹೊರಗಿನದು ಧೂಳು ಕರೆಯುವುದಕ್ಕಷ್ಟೇ. ಕಡೆಗೆ ಬಿಳಿ ಕರವಸ್ತ್ರದಲ್ಲಿ ಚೈನು ಹಿಡಿದು ಒಂದು ಸುತ್ತು ಎಳೆಯಿರಿ. ಬೂದಿ ಬಣ್ಣ ಹತ್ತಿದರೆ ಅಡ್ಡಿಯಿಲ್ಲ. ಕಪ್ಪು ಹತ್ತಿದರೆ ಇನ್ನೊಮ್ಮೆ ಒರೆಸಬೇಕು. ಹೀಗೆ ಒಮ್ಮೆ ಮಾಡಿಟ್ಟರೆ ಮುಂದಿನ ಸಲಗಳಲ್ಲಿ ಬರೀ ಒಣ ಬಟ್ಟೆಯ ಒರೆಸು ಸಾಕು, ಸೀಮೆಎಣ್ಣೆ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ.

ಇನ್ನು ಮಣ್ಣು. ಇದರಲ್ಲಿ ನಮ್ಮದು ಎರಡು ಬಗೆಯ ಕಷ್ಟ. ದಾವಣಗೆರೆ ಹರಿಹರದ ಸುತ್ತ ಎರೆಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಅಂಟಾಗುತ್ತದೆ. ಮಳೆಯಲ್ಲಿ ಎರೆ ಹೊಲಕ್ಕೆ ಕಾಲಿಟ್ಟವರಿಗೆ ಗೊತ್ತು, ಚಪ್ಪಲಿ ಅಲ್ಲೇ ಉಳಿಯುತ್ತದೆ. ಭದ್ರಾ ನಾಲೆಯ ಬದಿಯಲ್ಲಿ ಗದ್ದೆ ಕೆಲಸದ ಟ್ರ್ಯಾಕ್ಟರುಗಳು ಆ ಕೆಸರನ್ನು ಡಾಂಬರು ರಸ್ತೆಗೂ ತಂದು ಹಾಕುತ್ತವೆ, ಹೀಗಾಗಿ ಹೊಲಕ್ಕೆ ಇಳಿಯದಿದ್ದರೂ ಟೈರಿಗೆ ಅಂಟಿರುತ್ತದೆ. ದುರ್ಗದ ಗುಡ್ಡದ ಬುಡದಲ್ಲಿ ಕೆಮ್ಮಣ್ಣು, ಗರಸು. ಅದು ಅಷ್ಟು ಅಂಟುವುದಿಲ್ಲ, ಆದರೆ ಅದರ ಕೆಂಪು ಕಬ್ಬಿಣದ ತುಕ್ಕಿನ ಜಾತಿಯದು, ತಿಳಿ ಬಣ್ಣದ ಬಟ್ಟೆಗೆ ಒದ್ದೆಯಾಗಿ ತಾಗಿದರೆ ಆ ಕೆಂಪು ಬಟ್ಟೆಯಲ್ಲೇ ಉಳಿದುಬಿಡುತ್ತದೆ.

ಎರಡಕ್ಕೂ ಒಂದೇ ಮಾತು: ಹಸಿ ಮಣ್ಣನ್ನು ಒರೆಸಬೇಡಿ. ಒರೆಸಿದರೆ ಬಳಿದ ಹಾಗಾಗುತ್ತದೆ. ಸಮಯವಿದ್ದರೆ ಒಣಗಲು ಬಿಟ್ಟು, ಸೈಕಲ್ಲನ್ನು ಎರಡು ಬಾರಿ ನೆಲಕ್ಕೆ ಕುಟ್ಟಿ, ಗಟ್ಟಿ ಬ್ರಷ್ಷಿನಿಂದ ಉದುರಿಸಿ. ಎರೆಮಣ್ಣು ಒಣಗಿದರೆ ಹೆಂಟೆಯಾಗಿ ಬಿದ್ದುಹೋಗುತ್ತದೆ. ಮಳೆಗಾಲದಲ್ಲಿ ಅಷ್ಟು ಹೊತ್ತು ಕಾಯಲಾಗದಿದ್ದರೆ ಬಿದಿರ ಕಡ್ಡಿಯಿಂದ ಟೈರಿನ ಗುಬುಟುಗಳ ಸಂದು, ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಒಳಬದಿ, ಬಿ.ಬಿ. (ಪೆಡಲ್ಲಿನ ಅಚ್ಚು ಕೂರುವ ಜಾಗ) ಹಿಂದಿನ ಸಂದು, ಈ ಮೂರು ಕಡೆ ಕೆರೆದು, ಎರಡು ಲೀಟರ್ ಬಾಟಲಿಯ ಮುಚ್ಚಳಕ್ಕೆ ನಾಲ್ಕು ತೂತು ಮಾಡಿ ಆ ನೀರಿನಲ್ಲಿ ತೊಳೆಯಿರಿ. ಕಾರಿನಲ್ಲಿ ಆ ಬಾಟಲಿ ಯಾವಾಗಲೂ ಇರಲಿ. ಬೈಕುಗಳಿಗೆ ಮಾಡಿಸುವ ವಾಟರ್ ಸರ್ವಿಸ್ ಮಾತ್ರ ಸೈಕಲ್ಲಿಗೆ ಬೇಡ. ಆ ಒತ್ತಡದ ನೀರು ಚಕ್ರದ ನಡುವಿನ ಹಬ್ಬಿನ ಒಳಗೆ ಹೋಗಿ ಗ್ರೀಸನ್ನೆಲ್ಲ ಹೊರಗೆ ಹಾಕುತ್ತದೆ. ಹಾಗೆ ತೊಳೆಸಿ ಮೂರು ತಿಂಗಳಿಗೆ ಬೇರಿಂಗು ಕರಕರ ಅನ್ನಿಸಿಕೊಂಡು ಬಂದ ಸೈಕಲ್ಲುಗಳನ್ನು ನಾನು ಲೆಕ್ಕವಿಲ್ಲದಷ್ಟು ಬಿಚ್ಚಿದ್ದೇನೆ.

ಈಗ ಚಕ್ರ ಬಿಚ್ಚುವ ವಿಷಯ. ಬಿಚ್ಚುವ ಮೊದಲೇ ಗೇರನ್ನು ಹಿಂದೆ ಎಲ್ಲಕ್ಕಿಂತ ಸಣ್ಣ ಹಲ್ಲಿನ ಚಕ್ರಕ್ಕೆ, ಮುಂದೆಯೂ ಸಣ್ಣದಕ್ಕೆ ತಂದುಕೊಳ್ಳಿ. ಚೈನು ಸಡಿಲವಾಗುತ್ತದೆ, ಮುಂದೆ ಹಿಂದಿನ ಚಕ್ರ ಬಿಚ್ಚಬೇಕಾದರೂ ಸುಲಭ. ಮುಂದಿನ ಚಕ್ರ ತೆಗೆದ ಕೂಡಲೇ ಬ್ರೇಕ್ ಪ್ಯಾಡ್‌ಗಳ ನಡುವೆ ಏನಾದರೂ ತೂರಿಸಿ. ಪ್ಲಾಸ್ಟಿಕ್ಕಿನ ತುಂಡು ಸೈಕಲ್ ಜೊತೆ ಬಂದಿರುತ್ತದೆ, ಕಳೆದಿದ್ದರೆ ರಟ್ಟನ್ನು ಮಡಚಿ ಇಡಿ. ನಿಮ್ಮದು ಆಯಿಲ್ ಬ್ರೇಕ್ ಆಗಿದ್ದರೆ ಇದು ಕಡ್ಡಾಯ. ಚಕ್ರ ಇಲ್ಲದಾಗ ಯಾರಾದರೂ ಬ್ರೇಕ್ ಹಿಡಿ ಒತ್ತಿದರೆ ಪಿಸ್ಟನ್‌ಗಳು ಮುಂದೆ ಬಂದು ಪ್ಯಾಡ್‌ಗಳು ಕೂಡಿಕೊಳ್ಳುತ್ತವೆ, ಆಮೇಲೆ ಡಿಸ್ಕ್ ಒಳಗೇ ಹೋಗುವುದಿಲ್ಲ. ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ಹರಿಹರದಿಂದ ಕಾರಿನಲ್ಲಿ ಸೈಕಲ್ ತಂದ. ದಾರಿಯುದ್ದಕ್ಕೂ ಅವನ ತಮ್ಮ ಹಿಂದೆ ಕೂತು ಆ ಹಿಡಿಯನ್ನು ಒತ್ತುತ್ತಾ ಆಡಿದ್ದಾನೆ. ಕೊಂಡಜ್ಜಿ ಗುಡ್ಡಕ್ಕೆ ಓಡಿಸಬೇಕೆಂದು ಬೆಳಿಗ್ಗೆ ಐದಕ್ಕೆ ಎದ್ದು ಬಂದ ಹುಡುಗ ನನ್ನ ಅಂಗಡಿ ತೆರೆಯುವ ತನಕ ಕಟ್ಟೆ ಮೇಲೆ ಕೂತಿದ್ದ. ಆ ಬೆಳಗಿನ ಸವಾರಿ ಅವನಿಗೆ ತಪ್ಪಿಹೋಯಿತು, ನನಗೂ ಬೇಜಾರಾಯಿತು. ಪ್ಯಾಡ್ ಸರಿಸುವುದು ಐದು ನಿಮಿಷದ ಕೆಲಸ, ಒಂದು ರಟ್ಟಿನ ತುಂಡು ಇದ್ದಿದ್ದರೆ ಅದೂ ಬೇಕಿರಲಿಲ್ಲ.

ಗುಡ್ಡ ಇಳಿದು ಬಂದ ಕೂಡಲೇ ಡಿಸ್ಕ್ ಮುಟ್ಟಬೇಡಿ, ಚರ್ಮ ಸುಡುವಷ್ಟು ಕಾದಿರುತ್ತದೆ. ತಣ್ಣಗಾದ ಮೇಲೂ ಬರಿಗೈಯಲ್ಲಿ ಹಿಡಿಯಬೇಡಿ, ಕೈಯ ಜಿಡ್ಡು ಸಾಕು ಅದನ್ನು ಕೆಡಿಸಲು.

ಬಿಚ್ಚಿದ ಚಕ್ರಕ್ಕೊಂದು ಚೀಲ ಬೇಕು. ಭತ್ತದ ಚೀಲ ತಂದು ನಿರಾಶರಾಗುವವರೇ ಹೆಚ್ಚು. ಟೈರ್ ಸಮೇತ ಚಕ್ರದ ಅಡ್ಡಳತೆ 66ರಿಂದ 74 ಸೆಂಟಿಮೀಟರ್, ಭತ್ತದ ಚೀಲದ ಬಾಯಿ ಅಷ್ಟಿರುವುದಿಲ್ಲ. ನಮ್ಮೂರಿನಲ್ಲಿ ಇದಕ್ಕೊಂದು ಒಳ್ಳೇ ಉಪಾಯವಿದೆ, ಮಂಡಕ್ಕಿ ಚೀಲ. ಮಂಡಕ್ಕಿ ಹಗುರ, ಹಾಗಾಗಿ ಚೀಲ ದೊಡ್ಡದು. ಭಟ್ಟಿಯವರನ್ನು ಕೇಳಿದರೆ ಹಳೆಯದೊಂದು ಕೊಡುತ್ತಾರೆ. ತರುವ ಮುನ್ನ ಬಾಯಿ ಅಳೆಯಿರಿ, ಚಪ್ಪಟೆ ಹಿಡಿದಾಗ 80 ಸೆಂಟಿಮೀಟರಿಗೆ ಕಡಿಮೆ ಇರಬಾರದು. ಚೀಲ ಸಿಗದಿದ್ದರೆ ಹಳೇ ದುಪ್ಪಟಿಯ ನಡುವೆ ಚಕ್ರ ಇಟ್ಟು ನಾಲ್ಕು ಮೂಲೆ ಗಂಟು ಹಾಕಿ. ಚಕ್ರವನ್ನು ಮಲಗಿಸುವಾಗ ಡಿಸ್ಕ್ ಇರುವ ಬದಿ ಮೇಲೆ ಬರಲಿ. ಅದರ ಮೇಲೆ ಬೇರೇನೂ ಹೇರಬೇಡಿ, ಕೂದಲೆಳೆಯಷ್ಟು ಬಾಗಿದರೂ ಬ್ರೇಕಿಗೆ ಉಜ್ಜುತ್ತದೆ.

ಸೈಕಲ್ಲಿಗೆ ಉಳಿದ ಸಣ್ಣ ಸಿದ್ಧತೆ: ಫೋರ್ಕಿನ ಎರಡು ತುದಿಗಳಿಗೆ ಹಳೇ ಕಾಲುಚೀಲ. ಚೈನ್‌ವೀಲಿನ ಹಲ್ಲಿನ ಮೇಲೆ ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಪಟ್ಟಿಯಾಗಿ ಕೂರಿಸಿ, ಇಲ್ಲದಿದ್ದರೆ ಆ ಹಲ್ಲು ಬಟ್ಟೆಯನ್ನೂ ಹಾಸನ್ನೂ ಹರಿಯುತ್ತದೆ. ಹಿಂದಿನ ಗೇರಿಗೂ ಚೈನಿಗೂ ಸೇರಿಸಿ ಒಂದು ಹಳೇ ಟವೆಲ್ ಸುತ್ತಿ ಕಟ್ಟಿ. ಸೀಟು ಇಳಿಸುವುದಾದರೆ ಇಳಿಸುವ ಮೊದಲು ಪೈಪಿಗೆ ಟೇಪಿನ ಗುರುತು ಹಾಕಿಕೊಳ್ಳಿ. ಪೆಡಲ್ ಬಿಚ್ಚುವುದು ಪ್ರತಿ ಸಲಕ್ಕೆ ಬೇಕಿಲ್ಲ. ಜಾಗ ಸಾಲದಿದ್ದರೆ ಮಾತ್ರ ಎಡಗಡೆಯದನ್ನು ಬಿಚ್ಚಿ, ಕೆಳಗೆ ಬರುವುದು ಅದೇ. ಅದಕ್ಕೆ 15ರ ಸ್ಪ್ಯಾನರ್ ಬೇಕು, ಕೆಲವಕ್ಕೆ ಅಲೆನ್ ಕೀ. ಎಡ ಪೆಡಲ್ಲಿನ ಮರೆ (ತಿರುಪಿನ ಸುತ್ತು) ಉಲ್ಟಾ ಎನ್ನುವುದು ನೆನಪಿರಲಿ. ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು ಸೈಕಲ್ಲಿನ ಹಿಂಬದಿಗೆ ಎಳೆದರೆ ಎಡ ಬಲ ಎರಡೂ ಸಡಿಲವಾಗುತ್ತವೆ, ಇಷ್ಟು ತಿಳಿದಿದ್ದರೆ ಸಾಕು.

ಈಗ ಹಾಸು. ನನ್ನ ಮಟ್ಟಿಗೆ ಎರಡು ಪದರ: ಕೆಳಗೆ ತಾಡಪಾಲು, ಮೇಲೆ ಹಳೇ ಕೌದಿ ಅಥವಾ ದಪ್ಪ ದುಪ್ಪಟಿ. ತಾಡಪಾಲು ನೀರನ್ನೂ ಎಣ್ಣೆಯನ್ನೂ ಕೆಳಗೆ ಬಿಡುವುದಿಲ್ಲ, ಆದರೆ ಜಾರುತ್ತದೆ. ಕೌದಿ ಹೀರುತ್ತದೆ, ಹಿಡಿದುಕೊಳ್ಳುತ್ತದೆ. ಒಂದಿಲ್ಲದೆ ಇನ್ನೊಂದು ಅರ್ಧ ಕೆಲಸವೇ. ಗೊಬ್ಬರದ ಚೀಲ ಬಿಚ್ಚಿ ಹೊಲಿದು ಹಾಸುವವರಿದ್ದಾರೆ, ಅದರ ಪುಡಿ ಮತ್ತು ಎಳೆ ಕಾರಿನ ತುಂಬ ಆಗುತ್ತದೆ, ನಾನು ಒಪ್ಪುವುದಿಲ್ಲ. ತಾಡಪಾಲು 6 ಅಡಿಗೆ 9 ಅಡಿಯದ್ದು ಸಣ್ಣ ಕಾರಿಗೆ ಸಾಕಾಗುತ್ತದೆ. ಅದನ್ನು ಚಾಪೆಯ ಹಾಗೆ ನೆಲಕ್ಕೆ ಮಾತ್ರ ಹಾಸಬೇಡಿ. ತೊಟ್ಟಿಯ ಹಾಗೆ ಮೂರು ಕಡೆ ಎಬ್ಬಿಸಿ. ಮುಂದೆ ಮುಂಭಾಗದ ಎರಡೂ ಸೀಟುಗಳ ತಲೆದಿಂಬಿನ ಕಂಬಿಗೆ ದಾರದಲ್ಲಿ ಕಟ್ಟಿ, ಎಡಬಲಕ್ಕೆ ಹಿಂದಿನ ಬಾಗಿಲುಗಳ ಗಾಜಿನ ಬುಡದ ತನಕ. ಹಿಂದೆ ಮಾತ್ರ ಡಿಕ್ಕಿಯ ಅಂಚು ದಾಟಿ ಬಂಪರಿನ ಮೇಲೆ ಒಂದೂವರೆ ಅಡಿ ಇಳಿಬಿಡಿ. ಸೈಕಲ್ ಏರಿಸುವಾಗ ಬಂಪರಿನ ಬಣ್ಣ ಕೀಳುವುದು, ಅಂಚಿಗೆ ಮಣ್ಣಾಗುವುದು ಅಲ್ಲೇ. ಏರಿಸಿದ ಮೇಲೆ ಆ ಸೆರಗನ್ನು ಒಳಗೆ ಮಡಚಿ ಚಕ್ರದ ಮೇಲೆ ಹೊದಿಸಿದರಾಯಿತು.

ಹಾಸುವ ಮುನ್ನ ಇನ್ನೊಂದು ಕೆಲಸ: ಹಿಂದಿನ ಸೀಟಿನ ಬೆಲ್ಟುಗಳನ್ನು ಹುಡುಕಿ, ಬಾಗಿಲ ಬದಿಗೆ ಎಳೆದು ಸಿಕ್ಕಿಸಿಡಿ. ಇದು ನನಗೆ ತಿಳಿದದ್ದು ನಷ್ಟ ಮಾಡಿಕೊಂಡು. ಕೆಲವು ವರ್ಷದ ಹಿಂದೆ ಅಕ್ಕನ ಮಗನ ಸೈಕಲ್ಲನ್ನು ಕಾರಿನಲ್ಲಿ ಹಾಕಿ ಭರಮಸಾಗರದಿಂದ ತಂದೆ. ಹಾಸು ಎಲ್ಲ ಸರಿಯಿತ್ತು, ಇಳಿಸಿದ ಮೇಲೆ ಸೀಟಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಮಾರನೇ ದಿನ ಮದುವೆಗೆ ಹೊರಟೆವು. ನನ್ನ ಹೆಂಡತಿ ಹಿಂದೆ ಕೂತು ಬೆಲ್ಟ್ ಹಾಕಿಕೊಂಡಳು. ಇಳಿದಾಗ ನೋಡಿದರೆ ಅವಳ ತಿಳಿ ಹಸಿರು ರೇಷ್ಮೆ ಸೀರೆಯ ಮೇಲೆ ಭುಜದಿಂದ ಸೊಂಟದವರೆಗೆ ಓರೆಯಾಗಿ ಒಂದು ಕರಿ ಗೆರೆ. ಹಿಂದಿನ ದಿನ ಬೆಲ್ಟು ಚೈನಿನ ಕೆಳಗೆ ಸಿಕ್ಕಿಕೊಂಡಿತ್ತು. ಬೆಲ್ಟು ಕಪ್ಪು, ಅದರ ಮೇಲಿನ ಕರಿ ಕಣ್ಣಿಗೆ ಕಂಡಿರಲಿಲ್ಲ. ಅದು ಅವಳ ತಾಯಿ ಕೊಟ್ಟ ಸೀರೆ, ಡ್ರೈ ಕ್ಲೀನ್ ಮಾಡಿಸಿದರೂ ಗೆರೆಯ ನೆರಳು ಹೋಗಲಿಲ್ಲ. ಅಂದಿನಿಂದ ಸೈಕಲ್ ಇಳಿಸಿದ ಮೇಲೆ ಬೆಲ್ಟುಗಳನ್ನು ಪೂರ್ತಿ ಎಳೆದು ಒದ್ದೆ ಬಿಳಿ ಬಟ್ಟೆಯಲ್ಲಿ ಒರೆಸದೆ ನಾನು ಕಾರಿನ ಬಾಗಿಲು ಹಾಕುವುದಿಲ್ಲ. ಬೆಲ್ಟಿಗೆ ಸೋಪಿನ ನೀರು ಮಾತ್ರ. ಪೆಟ್ರೋಲು, ಥಿನ್ನರ್ ಹಾಕಿದರೆ ಅದರ ಎಳೆಯ ಬಲವೇ ಕುಂದಬಹುದು.

ಏರಿಸುವ ಕ್ರಮಕ್ಕೆ ಬರೋಣ. ಸಾಧ್ಯವಾದರೆ ಇಬ್ಬರು ಇರಲಿ, ಒಬ್ಬರು ಹಿಂದೆ ಎತ್ತಿಕೊಡಲಿ, ಇನ್ನೊಬ್ಬರು ಬದಿಯ ಬಾಗಿಲಿನಿಂದ ಹ್ಯಾಂಡಲ್ ಹಿಡಿದು ಒಳಗೆ ತೆಗೆದುಕೊಳ್ಳಲಿ. ಚಾವಣಿಗೆ ತಗುಲುವುದು ಒಬ್ಬರೇ ಹಿಂದಿನಿಂದ ದೂಡಿದಾಗ. ಹ್ಯಾಂಡಲ್ ಬದಿ ಮೊದಲು ಹೋಗಲಿ, ಚೈನಿನ ಬದಿ ಮೇಲೆ ಬರುವಂತೆ ಮಲಗಿಸಿ. ಚೈನಿನ ಬದಿ ಕೆಳಗಾದರೆ ಇಡೀ ಭಾರ ಹಿಂದಿನ ಗೇರಿನ ಮೇಲೆ ಬೀಳುತ್ತದೆ. ಅದು ಕೂತಿರುವ ಸಣ್ಣ ಅಲ್ಯೂಮಿನಿಯಂ ಕೊಂಡಿ ಬಾಗುವುದಕ್ಕೆಂದೇ ಮಾಡಿದ್ದು, ಬಾಗಿದರೆ ಗೇರು ಒಂದೂ ಸರಿಯಾಗಿ ಕೂರುವುದಿಲ್ಲ. ಹಿಂದಿನ ಚಕ್ರ ಮೊದಲು ತೂರಿಸುವವರೂ ಇದ್ದಾರೆ. ನಾನು ಹ್ಯಾಂಡಲ್ ಮೊದಲು ಅನ್ನುವುದಕ್ಕೆ ಕಾರಣ ಇಷ್ಟೇ: ಹಾಗೆ ಮಾಡಿದರೆ ಕೊಳೆ ಇರುವ ಭಾಗವೆಲ್ಲ, ಚೈನು, ಗೇರು, ಟೈರು, ಡಿಕ್ಕಿಯ ಬಾಗಿಲ ಹತ್ತಿರ ನಿಮ್ಮ ಕಣ್ಣ ಮುಂದೆ ಉಳಿಯುತ್ತದೆ, ಸೀಟಿನ ಬೆನ್ನಿನ ಹತ್ತಿರ ಹೋಗುವುದು ಹ್ಯಾಂಡಲ್ಲು ಮಾತ್ರ. ನಿಮ್ಮ ಸೀಟಿಗೆ ಕರಿ ಗೀರು ಬಿದ್ದಿದೆ ಎಂದರೆ ನೀವು ಹಿಂದಿನ ಚಕ್ರವನ್ನೇ ಮೊದಲು ತೂರಿಸುತ್ತಿದ್ದೀರಿ ಎಂದು ನನ್ನ ಊಹೆ.

ಡಿಕ್ಕಿಯ ಬಾಗಿಲನ್ನು ಬಡಿದು ಹಾಕಬೇಡಿ. ಕೈಯಲ್ಲಿ ಇಳಿಸುತ್ತಾ ಗಾಜಿಗೆ ಏನಾದರೂ ತಾಗುತ್ತದೆಯೇ ನೋಡಿ. ಹಿಂದಿನ ಗಾಜಿನ ಒಳಮೈಯಲ್ಲಿ ಮಂಜು ತೆಗೆಯುವ ಕಂದು ಗೆರೆಗಳಿದ್ದರೆ, ಪೆಡಲ್ ಉಜ್ಜಿ ಒಂದು ಗೆರೆ ಕಿತ್ತರೂ ಆ ಸಾಲು ಕೆಲಸ ಮಾಡುವುದಿಲ್ಲ.

ಕಟ್ಟುವುದು ಅಂದಕ್ಕಲ್ಲ, ಜೀವಕ್ಕೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ವಸ್ತುವಿನಲ್ಲಿ 25 ಮೀಟರ್ ಎತ್ತರದಿಂದ ಬಿದ್ದ ವಸ್ತುವಿನಷ್ಟು ಹೊಡೆತ ಇರುತ್ತದೆ. ಎಂಟು ಅಂತಸ್ತಿನ ಮೇಲಿಂದ 15 ಕಿಲೋ ಸೈಕಲ್ ನಿಮ್ಮ ಸೀಟಿನ ಬೆನ್ನಿಗೆ ಬಿದ್ದ ಹಾಗೆ. ಹಳೇ ಟ್ಯೂಬಿನ ಪಟ್ಟಿ ಸೈಕಲ್ ಅಲುಗಾಡದಂತೆ ಹಿಡಿಯಲು ಬಹಳ ಒಳ್ಳೆಯದು, ಆದರೆ ಹಿಗ್ಗುತ್ತದೆ, ಅಪಘಾತದಲ್ಲಿ ತಡೆಯುವುದಿಲ್ಲ. ಅದರ ಜೊತೆಗೆ ಹಿಗ್ಗದ ನೈಲಾನ್ ಬೆಲ್ಟು ಎರಡು ಬೇಕು, ಲಗೇಜು ಬಿಗಿಯುವ ಬಕಲ್ ಇರುವಂಥದ್ದು. ಡಿಕ್ಕಿಯ ನೆಲದಲ್ಲಿರುವ ಲೋಹದ ಕೊಂಡಿಗಳಿಗೆ ಸೈಕಲ್ಲಿನ ಫ್ರೇಮ್ ಸೇರಿಸಿ ಬಿಗಿಯಿರಿ. ಹ್ಯಾಂಡಲ್ ತಿರುಗದಂತೆ ಫ್ರೇಮಿಗೆ ಒಂದು ಪಟ್ಟಿ ಕಟ್ಟಿ, ಬಾಗಿಲ ಒಳಮೈ ಗೀರುವುದು ತಿರುಗುವ ಹ್ಯಾಂಡಲ್ಲೇ. ಅರ್ಧ ಸೀಟು ಮಡಚದೆ ಉಳಿದಿದೆ ಎಂದು ಅಲ್ಲಿ ಮಗುವನ್ನು ಕೂರಿಸಿಕೊಳ್ಳಬೇಡಿ. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ದುರ್ಗ ತಲುಪಿ ಕಾರನ್ನು ಬಿಸಿಲಿಗೆ ನಿಲ್ಲಿಸುವುದಾದರೆ ಸೈಕಲ್ ಇಳಿಸಿಬಿಡಿ. ಇಳಿಸಲು ಆಗದಿದ್ದರೆ ಟೈರಿನ ಗಾಳಿ ಸ್ವಲ್ಪ ಬಿಡಿ. 30 ಡಿಗ್ರಿಯಲ್ಲಿ 60 ಪಿಎಸ್‌ಐ ಇದ್ದ ಒತ್ತಡ 60 ಡಿಗ್ರಿಗೆ 67ರ ಹತ್ತಿರ ಹೋಗುತ್ತದೆ. ಹೊಸ ಟೈರಿಗೆ ಏನೂ ಆಗದು, ಬದಿ ಬಿರುಕು ಬಿಟ್ಟ ಹಳೇ ಟೈರಿಗೆ ಆಗಬಹುದು. ಇಳಿಸಿದ ಮೇಲೆ ಬ್ರೇಕ್ ಹಿಡಿಯನ್ನು ನಾಲ್ಕೈದು ಸಲ ಒತ್ತಿ ನೋಡಿಯೇ ಹತ್ತಿ. ಆಯಿಲ್ ಬ್ರೇಕಿನ ಸೈಕಲ್ಲನ್ನು ಮಲಗಿಸಿ ತಂದರೆ ಒಳಗಿನ ಗಾಳಿಗುಳ್ಳೆ ಜಾಗ ಬದಲಿಸಿ ಹಿಡಿ ಮೆತ್ತಗೆನಿಸಬಹುದು. ಸೈಕಲ್ ನೇರ ನಿಲ್ಲಿಸಿ ಒತ್ತುತ್ತಿದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೋಗದಿದ್ದರೆ ಆ ದಿನ ಓಡಿಸಬೇಡಿ.

ತೂಗುಹಾಕುವ ಸ್ಟ್ಯಾಂಡ್ ಬಗ್ಗೆ ಕೇಳಿದ್ದೀರಿ. ನಿಮ್ಮ ಒಂದೇ ಸೈಕಲ್ಲಿಗೆ, 60 ಕಿಲೋಮೀಟರ್ ಹೆದ್ದಾರಿಗೆ ನಾನು ಬೇಡ ಅನ್ನುತ್ತೇನೆ. ಪಟ್ಟಿಯಲ್ಲಿ ಬಿಗಿಯುವ ಸ್ಟ್ಯಾಂಡು ನಂಬರ್ ಪ್ಲೇಟನ್ನೂ ಹಿಂದಿನ ದೀಪವನ್ನೂ ಮುಚ್ಚುತ್ತದೆ, ಅವು ಕಾಣಲೇಬೇಕು ಎನ್ನುವುದು ಕಾನೂನು. ಪಟ್ಟಿಯ ಕೆಳಗೆ ಧೂಳು ಸೇರಿ ಬಣ್ಣ ತೇಯುತ್ತದೆ. ಲಾರಿಗಳ ಹಿಂದೆ ಹೋಗುವಾಗ ಏಳುವ ಮರಳು ನೇರ ಚೈನಿಗೆ, ಹಬ್ಬಿಗೆ. ಊಟಕ್ಕೆ ನಿಲ್ಲಿಸಿದರೆ ಒಂದು ಕಣ್ಣು ಸೈಕಲ್ ಮೇಲೇ ಇರಬೇಕು. ಮೂರು ಸೈಕಲ್ ಒಯ್ಯುವ ಮನೆಯಾದರೆ ಮಾತು ಬೇರೆ.

ಕಲೆಗಳು. ಸೀಟಿನ ಬೆನ್ನಿನ ಕರಿ ಗೀರಿಗೆ ನೀರು ಹಾಕಿ ತಿಕ್ಕಿಲ್ಲ ಎಂದುಕೊಳ್ಳುತ್ತೇನೆ, ತಿಕ್ಕಿದಷ್ಟೂ ಅದು ಒಳಗಿಳಿಯುತ್ತದೆ. ಮೇಲೆ ಕೂತಿರುವ ಜಿಡ್ಡನ್ನು ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು ತೆಗೆಯಿರಿ. ಮೇಲೆ ಕಾರ್ನ್‌ಫ್ಲೋರ್ ಅಥವಾ ಮುಖಕ್ಕೆ ಹಚ್ಚುವ ಪೌಡರ್ ದಪ್ಪಗೆ ಉದುರಿಸಿ, ಸೀಟಿನ ಬೆನ್ನು ನೆಟ್ಟಗಿರುವುದರಿಂದ ಸೀಟನ್ನು ಮುಂದಕ್ಕೆ ಬಾಗಿಸಿಕೊಂಡು ಮಾಡಿ. ಒಂದು ಗಂಟೆ ಬಿಟ್ಟು ಬ್ರಷ್ಷಿನಿಂದ ಉದುರಿಸಿ, ಮತ್ತೊಮ್ಮೆ ಹಾಗೇ ಮಾಡಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚವನ್ನು ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಹಾಕಿ, ಬಿಳಿ ಬಟ್ಟೆ ಅದ್ದಿ ಹಿಂಡಿ, ಕಲೆಯ ಹೊರ ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ. ಬಟ್ಟೆಗೆ ಕಪ್ಪು ಹತ್ತಿದಂತೆ ಬೇರೆ ಭಾಗ ಮಗುಚಿಕೊಳ್ಳಿ. ಮೂರು ನಾಲ್ಕು ಸಲ ಬೇಕಾಗುತ್ತದೆ, ಕಡೆಗೆ ಬರೀ ನೀರಿನ ಬಟ್ಟೆಯಿಂದ ಸೋಪು ತೆಗೆದು, ಬಾಗಿಲು ತೆರೆದು ಒಣಗಿಸಿ. ಸೀಮೆಎಣ್ಣೆ ಸೀಟಿಗೆ ಖಂಡಿತ ಬೇಡ, ಅದರ ವಾಸನೆಯೂ ಬೆಂಕಿಯ ಭಯವೂ ಸ್ಪಂಜಿನಲ್ಲಿ ಉಳಿಯುತ್ತವೆ. ಮೊದಲು ಕಾಣದ ಮೂಲೆಯಲ್ಲಿ ಒಂದು ಚೂರು ಮಾಡಿ ನೋಡಿ, ಬಣ್ಣ ಬಿಡುತ್ತದೆಯೇ ತಿಳಿಯುತ್ತದೆ.

ಡಿಕ್ಕಿಯ ಎರೆಮಣ್ಣು ಈಗ ಒಣಗಿರುತ್ತದೆ. ವ್ಯಾಕ್ಯೂಮ್ ಹಿಡಿದು, ಉಳಿದದ್ದಕ್ಕೆ ಅದೇ ಸೋಪಿನ ನೀರು. ಕೆಮ್ಮಣ್ಣಿನ ಕಲೆ ಎಲ್ಲಾದರೂ ಇದ್ದರೆ ಬ್ಲೀಚ್ ಹಾಕಬೇಡಿ, ಸೀಟಿನ ಬಣ್ಣ ಹೋಗುತ್ತದೆ, ಮಣ್ಣಿನ ಬಣ್ಣ ಹೋಗುವುದಿಲ್ಲ. ನಿಮ್ಮ ಕೈಗೆ ಹತ್ತಿದ ಚೈನಿನ ಕರಿಗೆ ಕೊಬ್ಬರಿ ಎಣ್ಣೆಯಲ್ಲಿ ಒಂದು ಚಮಚ ಸಕ್ಕರೆ ಕಲೆಸಿ ತಿಕ್ಕಿ ಸೋಪು ಹಾಕಿ ತೊಳೆಯಿರಿ. ಕೈ ತೊಳೆಯದೆ ಕಾರಿನ ಒಳಗೆ ಏನನ್ನೂ ಮುಟ್ಟದಿದ್ದರೆ ಅರ್ಧ ಕಲೆ ಆಗುವುದೇ ಇಲ್ಲ, ಅದಕ್ಕೇ ಆ ನೀರಿನ ಬಾಟಲಿಯ ಜೊತೆ ಒಂದು ಸೋಪಿನ ತುಂಡು ಇಟ್ಟಿರಿ.

ಚಾವಣಿಯ ಕಲೆ ಎಲ್ಲಕ್ಕಿಂತ ಸೂಕ್ಷ್ಮ. ಆ ಬಟ್ಟೆಯನ್ನು ಒಂದು ತೆಳು ಸ್ಪಂಜಿನ ಮೇಲೆ ಅಂಟಿನಿಂದ ಕೂರಿಸಿರುತ್ತಾರೆ. ನೀರು ನೆನೆದರೆ ಅಂಟು ಬಿಟ್ಟು ಬಟ್ಟೆ ಜೋತುಬೀಳುತ್ತದೆ, ಆಮೇಲೆ ಇಡೀ ಚಾವಣಿಯನ್ನೇ ಬದಲಿಸಬೇಕು. ಅಲ್ಲಿಗೆ ಸೋಪಿನ ನೀರು ಬೇಡ, ಅದರ ನೊರೆ ಮಾತ್ರ. ಲಿಕ್ವಿಡ್ಡನ್ನು ಕೈಯಲ್ಲಿ ನೊರೆ ಮಾಡಿ, ಬಟ್ಟೆಯ ತುದಿಗೆ ತೆಗೆದುಕೊಂಡು, ಕಲೆಗೆ ಒತ್ತಿ ಎತ್ತಿ. ಎಳೆಯಬೇಡಿ, ತಿಕ್ಕಬೇಡಿ. ಎರಡು ಸಲಕ್ಕೆ ಹೋದಷ್ಟು ಹೋಗಲಿ. ಉಳಿದರೆ ಮೂರನೇ ಸಲ ಪ್ರಯತ್ನಿಸದೆ ಕುಶನ್ ಕೆಲಸದವರಿಗೆ ತೋರಿಸಿ.